ವೈನಿಯ ಆರಾಮ

ಮೊನ್ನೆ ಲಿಫ್ಟ್ ಕೆಟ್ಟಿತ್ತು. ದುಬೈಯ ಅಲ್ ಮುರಕ್ಕಬಾತಿನ ನಮ್ಮ ಹಳೆಯ ಕಟ್ಟಡದಲ್ಲಿ ಅದೇನು ವಿಶೇಷವಲ್ಲ. ನಾನು ಮೆಟ್ಟಿಲು ಹತ್ತಿದ್ದು ವಿಶೇಷ. ಎರಡನೆಯ ಮಹಡಿಗೇ ಏದುಸಿರು ಬಂದು, ಯಾರಿಗೋ ಕಾಯುತ್ತಿರುವವನ ಹಾಗೆ ಫೋನು ನೋಡುತ್ತ ನಿಂತಿದ್ದೆ. ಆಗ ಯಾವುದೋ ಬಾಗಿಲ ಸಂದಿಯಿಂದ ಜೋಳದ ರೊಟ್ಟಿಯ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಏಳುತ್ತದಲ್ಲ, ಆ ಹಸಿ ಹಿಟ್ಟಿನ ಆವಿ. ಮೂಗಿಗೆ ಬಡಿದದ್ದೇ ತಡ, ವೈನಿ ನೆನಪಾದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹುಬ್ಬಳ್ಳಿ ಕಡೆ ಅತ್ತಿಗೆಯನ್ನು ನಾವು ಹಾಗೆ ಕರೆಯುತ್ತೇವೆ. ನಾನು ಹೊಸದಾಗಿ ಕೆಲಸ ಹಿಡಿದು ದುಬೈಗೆ ಬಂದಾಗ ಇದೇ ಬೀದಿಯಲ್ಲಿದ್ದ ಅವರ ಮನೆಯ ಸೋಫಾ ನನ್ನ ಹಾಸಿಗೆಯಾಗಿತ್ತು. 'ರೂಮ್ ಸಿಗೂತನಾ ಇಲ್ಲೇ ಇರು' ಎಂದಿದ್ದ ಅಣ್ಣ. ರೂಮು ಸಿಗದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ, ವೈನಿಯ ಅಡುಗೆಯ ಮಹಿಮೆ ಅಂಥದ್ದು. ಆಗ ವಾರದ ರಜೆ ಶುಕ್ರವಾರ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿದ್ದ ಅಣ್ಣನ ಗೆಳೆಯರು 'ಸುಮ್ನ ಹಿಂಗ ಬಂದ್ವಿ ವೈನಿ' ಎನ್ನುತ್ತ ಸರಿಯಾಗಿ ಊಟದ ಹೊತ್ತಿಗೇ ಬರುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಧ್ಯಾಹ್ನ ಕಳೆದರೂ ನಿಲ್ಲುತ್ತಿರಲಿಲ್ಲ.

ವೈನಿಯ ಆ ಕೈಗಳು ನೋಯುತ್ತಿದ್ದವು. ಬೆಳಗ್ಗೆ ಎದ್ದರೆ ಬೆರಳು ಮಡಿಚಲು ಬಾರದು. ಸಂಜೆಯಾದರೆ ಮೈಯೆಲ್ಲ ಸೋತು ಸುಣ್ಣ. ಉಂಡದ್ದು ಹೊಟ್ಟೆಯಲ್ಲಿ ಉಬ್ಬುತ್ತಿತ್ತು, ಮಾತನಾಡುತ್ತಿದ್ದಂತೆ ಮುಂದಿನ ಪದ ಮರೆತು ಹೋಗುತ್ತಿತ್ತು. ಅಣ್ಣ ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಕರೆದುಕೊಂಡು ಹೋದ. ರಕ್ತ ತೆಗೆದರು, ಎಕ್ಸ್-ರೇ, ಸ್ಕ್ಯಾನ್ ಎಲ್ಲ ಆಯಿತು. ಪ್ರತಿ ಸಲವೂ ನಾರ್ಮಲ್. ಮೊದಮೊದಲು ಆ ಮಾತಿಗೆ ಮನೆಯಲ್ಲಿ ಪಾಯಸವಾಗುತ್ತಿತ್ತು. ಆಮೇಲಾಮೇಲೆ ಅಣ್ಣನ ಮುಖ ಗಂಟಾಗತೊಡಗಿತು.

ಇಲ್ಲಿ ನಮ್ಮ ಕಡೆಯವರ ಒಂದು ಗುಣ ಹೇಳಬೇಕು. ನಮ್ಮನ್ನು ಯಾರೇ ಹೇಗಿದ್ದೀರಿ ಎಂದು ಕೇಳಲಿ, ಬಾಯಿಂದ ಬರುವುದು ಒಂದೇ ಉತ್ತರ: 'ಆರಾಮ ಅದೀನ್ರಿ.' ಕಾಲು ಮುರಿದು ಪ್ಲಾಸ್ಟರಿನಲ್ಲಿದ್ದರೂ ಅಷ್ಟೇ. ಕೇಳಿದವರಿಗೆ ನಮ್ಮ ಗೋಳಿನ ಭಾರ ಹೊರಿಸುವುದು ನಮಗೆ ಮರ್ಯಾದೆಯಲ್ಲ. ಗಲ್ಫಿಗೆ ಬಂದ ಮೇಲಂತೂ ಊರಿಗೆ ಫೋನು ಮಾಡಿ ಮಾಡಿ ಆ ಮಾತು ನಾಲಗೆಗೇ ಅಂಟಿಕೊಂಡಿರುತ್ತದೆ. ವೈನಿ ದವಾಖಾನೆಗೂ ಇಳಕಲ್ ಸೀರೆ ಉಟ್ಟು, ಕೈತುಂಬ ಬಳೆ ಇಟ್ಟು ಹೊರಡುತ್ತಿದ್ದರು. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ ನಗುತ್ತ 'ಫೈನ್ ಡಾಕ್ಟರ್' ಎನ್ನುತ್ತಿದ್ದರು. ಪಾಪ, ಡಾಕ್ಟರು ಅದನ್ನು ನಂಬುತ್ತಿದ್ದರು.

ಕೊನೆಗೊಂದು ದಿನ ಊಟದ ಮುಂದೆ ಅಣ್ಣ ಹೇಳಿಯೇಬಿಟ್ಟ: 'ಈ ರಜಾಕ್ಕ ಊರಿಗೆ ಹೋದಾಗ ನೀ ಅಲ್ಲೇ ಇರು. ವೀಸಾ ಕ್ಯಾನ್ಸಲ್ ಮಾಡಸ್ತೀನಿ. ನಿಮ್ಮ ತವರಮನಿಯವರು ನೋಡ್ಕೋತಾರ.' ಅಣ್ಣ ಕೆಟ್ಟವನಲ್ಲ, ದಣಿದಿದ್ದ. ವೈನಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಪಾತ್ರೆ ಒರೆಸುತ್ತ ನನ್ನೆದುರು ಮಾತ್ರ ಹೇಳಿಕೊಂಡರು: 'ನೋವು ಇದ್ರ ಇರಲಿ ಬಿಡೋ. ಇಲ್ಲದ ನೋವು ಹೇಳ್ತಾಳ ಅಂತ ಗಂಡ ಕಳಿಸಿದ ಅಂದ್ರ ಊರಾಗ ಹೆಂಗ ಮಾರಿ ತೋರಸಲಿ?' ಕೈಗೆ ಸಿಕ್ಕ ತಟ್ಟೆಯನ್ನು, ಆಗಲೇ ಒರೆಸಿದ್ದನ್ನೇ, ಮತ್ತೆ ಒರೆಸಿದೆ.

ಅಬುಧಾಬಿಯ ಖಾಲಿದಿಯಾದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಹೆಸರಿಲ್ಲದ ಕಾಯಿಲೆಗಳನ್ನು ನೋಡುತ್ತಾರೆ ಎಂದು ನನ್ನ ಆಫೀಸಿನಲ್ಲಿ ಯಾರೋ ಹೇಳಿದ್ದರು. ಫಂಕ್ಷನಲ್ ಮೆಡಿಸಿನ್ ಅಂತೆ. 'ಯಾವ ಫಂಕ್ಷನ್? ಮದುವಿದೋ, ಮುಂಜಿವಿದೋ?' ಎಂದು ಅಣ್ಣ ಗೇಲಿ ಮಾಡಿದ. ಎಂಜಿನಿಯರನಾದ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಇದೊಂದು ನೋಡೋಣ, ಆಮೇಲೆ ಬೇಕಾದ್ದು ಮಾಡು ಎಂದು ಅಣ್ಣನನ್ನು ಒಪ್ಪಿಸಿದೆ.

ಡಾಕ್ಟರಮ್ಮ ಉಡುಪಿ ಕಡೆಯವರು. ವೈನಿ ಎಂದಿನಂತೆ ಸೀರೆ ಸರಿಮಾಡಿಕೊಂಡು ಕುಳಿತು, ಕೇಳಿದ್ದಕ್ಕೆ 'ಆರಾಮ ಅದೀನ್ರಿ' ಎಂದರು.

'ಆರಾಮ ಇದ್ದವರು ದುಬೈಯಿಂದ ಇಷ್ಟು ದೂರ ಯಾಕೆ ಬರುದು ಮಾರಾಯ್ರೆ?' ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, 'ಇದನ್ನು ಮತ್ತೆ ನೋಡುವ. ನೀವು ಕೊನೆಗೆ ಹುಷಾರಿದ್ದದ್ದು ಯಾವಾಗ? ಅಲ್ಲಿಂದ ಹೇಳಿ. ನಂಗೇನೂ ಅರ್ಜೆಂಟಿಲ್ಲ' ಎಂದರು.

ಇಂಥ ಪ್ರಶ್ನೆಯನ್ನು ವೈನಿಗೆ ಯಾರೂ ಕೇಳಿರಲಿಲ್ಲ. ಬಳೆ ತಿರುಗಿಸುತ್ತ ಮೆಲ್ಲಗೆ, 'ಆ ಜ್ವರಕ್ಕಿಂತ ಮೊದಲು' ಎಂದರು.

ಯಾವ ಜ್ವರ ಎಂದು ಕೇಳಿದವನು ಅಣ್ಣ. ಅವನು ಒಂದು ಬೇಸಗೆಯಲ್ಲಿ ಮರುಭೂಮಿಯ ನಡುವಿನ ಕೆಲಸದ ಸೈಟಿನಲ್ಲಿದ್ದನಂತೆ. ಅದು ನಾನು ದುಬೈಗೆ ಬರುವ ಮುಂಚಿನ ಮಾತು. ವೈನಿ ಮನೆಯಲ್ಲಿ ಒಬ್ಬರೇ, ವಾರಗಟ್ಟಲೆ ಮೈ ಸುಡುವ ಜ್ವರ. ದಿನಾ ಅಣ್ಣನ ಫೋನು ಬರುತ್ತಿತ್ತು, ದಿನಾ ಇವರು ಆರಾಮ ಅದೀನಿ ಎನ್ನುತ್ತಿದ್ದರು. ಅವನು ಮರಳಿ ಬರುವಷ್ಟರಲ್ಲಿ ಜ್ವರ ಹೋಗಿತ್ತು, ಆ ಶುಕ್ರವಾರವೇ ಗೆಳೆಯರಿಗೆ ರೊಟ್ಟಿ ಊಟವೂ ಆಗಿತ್ತು. ಹೋದ ಶಕ್ತಿ ಮಾತ್ರ ತಿರುಗಿ ಬರಲಿಲ್ಲ.

'ನನಗ್ಯಾಕ ಹೇಳಲಿಲ್ಲ?' ಅಣ್ಣನ ಧ್ವನಿ ಒಡೆದಿತ್ತು.

'ಅಷ್ಟು ದೂರ ಇದ್ರಿ. ಹೇಳಿದ್ರ ನೀವು ಊಟಾ ಬಿಡ್ತಿದ್ರಿ.'

ಆಮೇಲೆ ವೈನಿಯ ಮಾತು ನಿಲ್ಲಲೇ ಇಲ್ಲ. ನಿದ್ದೆ ಬಾರದ್ದು, ಹಾಲು ಕುಡಿದರೆ ಹೊಟ್ಟೆ ಕೆಡುವುದು, ರೊಟ್ಟಿ ಬಡಿದ ಮರುದಿನ ಬೆರಳು ಬಾಯುವುದು. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಅಣ್ಣನ ಕಡೆ ತಿರುಗಿದರು: 'ಇದಕ್ಕೊಂದು ಹೆಸರು ಸಿಗ್ತದಾ ಇಲ್ವಾ ನಂಗೂ ಗೊತ್ತಿಲ್ಲ. ಪೂರ್ತಿ ಗುಣ ಆಗ್ತದೆ ಅಂತಲೂ ಹೇಳುದಿಲ್ಲ. ಆದ್ರೆ ಇವ್ರಿಗೆ ನೋವುಂಟು. ಅದು ಸುಳ್ಳಲ್ಲ.'

ವೈನಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಷ್ಟು ವರ್ಷದ ನೋವಿನಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅಂದೇ.

ಡಾಕ್ಟರಮ್ಮನ ಸಲಹೆ ಇಷ್ಟೇ: ಹಾಲು, ಗೋಧಿ ಕೆಲವು ವಾರ ಬಿಡಬೇಕು, ಆಮೇಲೆ ಒಂದೊಂದಾಗಿ ತಿಂದು ಮೈ ಏನನ್ನುತ್ತದೆ ನೋಡಬೇಕು. ಹೊತ್ತಿಗೆ ಸರಿಯಾಗಿ ಮಲಗಬೇಕು, ದಣಿವು ಬರುವ ಮೊದಲೇ ಕೂರಬೇಕು. 'ಇದು ನಿಮ್ಮ ಮೈಗೆ ಮಾತ್ರ, ಪಕ್ಕದ ಮನೆಯವ್ರಿಗೆ ಹೇಳಿಕೊಡ್ಬೇಡಿ' ಎಂದೂ ಹೇಳಿದ್ದರು. ವೈನಿ ಆ ವಾರವೇ ನಾಲ್ಕು ಮನೆಗೆ ಹೇಳಿಕೊಟ್ಟರು.

ದುಬೈಗೆ ಮರಳುವಾಗ ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಅಣ್ಣ ಚಹಾ ತಂದು ವೈನಿಯ ಕೈಗೆ ಕೊಟ್ಟು, ರಸ್ತೆಯ ಕಡೆ ನೋಡುತ್ತ, 'ರಜಾಕ್ಕ ಕೂಡೇ ಹೋಗಿ ಕೂಡೇ ವಾಪಸ್ ಬರೂಣು' ಎಂದ. ಗೆಳೆಯರಿಗೂ ಫೋನು ಹೋಯಿತು: 'ಖಲಾಸ್, ಇನ್ನ ಶುಕ್ರವಾರ ರೊಟ್ಟಿ ಮಾಫಿ.' ಗಲ್ಫಿನ ಅರಬ್ಬಿಯಲ್ಲಿ ಮಾಫಿ ಎಂದರೆ 'ಇಲ್ಲ'. ನನಗಾದ ನಷ್ಟವನ್ನು ಯಾರೂ ಕೇಳಲಿಲ್ಲ. ಗೋಧಿ ಏನೂ ಮಾಡಲಿಲ್ಲ, ಹಾಲೇ ಆಗುತ್ತಿರಲಿಲ್ಲ ಎಂದು ಕೆಲವು ತಿಂಗಳಲ್ಲಿ ತಿಳಿಯಿತು. ಕೈನೋವು ಬಹಳ ಕಡಿಮೆಯಾಯಿತು. ದಣಿವು ಮಾತ್ರ ಆಗಾಗ ಬಂದು ಹೋಗುತ್ತಿತ್ತು, ಈಗಲೂ ಬರುತ್ತದೆ. ಬಂದಾಗ ವೈನಿ ಮಲಗುತ್ತಾರೆ, ಅಣ್ಣ ಅನ್ನ ಇಡುತ್ತಾನೆ. ಅವನು ರಿಟೈರಾದ ಮೇಲೆ ಇಬ್ಬರೂ ಒಟ್ಟಿಗೇ ಹುಬ್ಬಳ್ಳಿಗೆ ಹೋದರು.

ಮೊನ್ನೆ ಹೇಗೋ ಮೆಟ್ಟಿಲು ಹತ್ತಿ ಮನೆ ಸೇರಿದವನೇ ಅವರಿಗೆ ಫೋನು ಮಾಡಿದೆ. ಹೇಗಿದ್ದೀರಿ ಎಂದದ್ದಕ್ಕೆ, 'ಇವತ್ತು ಆರಾಮಿಲ್ಲಪಾ, ಮಲ್ಕೊಂಡೀನಿ' ಎಂದರು. ಎಷ್ಟು ಸಲೀಸಾಗಿ ಹೇಳಿದರು! ಆರಾಮಿಲ್ಲ ಎಂಬ ಮಾತಿಗೆ ಅಷ್ಟೊಂದು ಸಂತೋಷಪಟ್ಟ ಮೈದುನ ಬೇರೆಲ್ಲೂ ಇರಲಾರ.

'ನೀ ಹೆಂಗದೀ?' ಎಂದು ವೈನಿ ಕೇಳಿದರು.

ಅಭ್ಯಾಸದ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಮೂರು ತಿಂಗಳಿಂದ ಎದೆಯಲ್ಲೊಂದು ಭಾರ. ಹೆಂಡತಿಗೂ ಹೇಳಿಲ್ಲ, ಡಾಕ್ಟರಿಗೂ ತೋರಿಸಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ.

'ಆರಾಮಿಲ್ಲ ವೈನಿ' ಎಂದೆ. 'ಹೇಳ್ತೀನಿ, ಕೇಳ್ರಿ.'