ಕಾಯ್ತೀನಿ ಅಂದಿದ್ದ ಅಕ್ಕ

ಹೋದ ವಾರ ಮಸ್ಕಿಯ ನಮ್ಮ ವಾರ್ಡಿಗೆ ವಾಂತಿಭೇದಿಯಿಂದ ಸೊರಗಿದ ಮಗುವೊಂದು ಬಂತು. ಅದರ ತಾಯಿಗೆ ಹೇಗೆ ಕಲಸಬೇಕೆಂದು ತೋರಿಸುತ್ತ ಓಆರ್‌ಎಸ್ ಪೊಟ್ಟಣದ ಬಾಯಿ ಹರಿದೆ. ತಂದೆ ಹೊರಗಿನ ಮೆಡಿಕಲ್ ಅಂಗಡಿಯಿಂದ ತಂದದ್ದು, ಕಿತ್ತಳೆಯದು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿಯಿತು, ನನ್ನ ಕೈ ಅಲ್ಲೇ ನಿಂತಿತು. “ಯಾಕ್ರೀ ಸಿಸ್ಟರ್?” ಎಂದಳು ಆ ತಾಯಿ. ಏನಿಲ್ಲವೆಂದು ಪುಡಿ ಸುರಿದೆ. ಇದೇ ವಾಸನೆಯ ನೀರನ್ನು ಒಂದು ಕಾಲದಲ್ಲಿ ನಾನು ಮತ್ತು ಅಕ್ಕ ಒಂದೇ ಬಾಟಲಿಯಿಂದ ಕುಡಿಯುತ್ತಿದ್ದೆವು…

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಲ್ಲಿ ಹಿರಿಯ ನರ್ಸ್ ಆಗಿದ್ದವಳು. ಗಂಡ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮನೆಯಲ್ಲಿ ಅತ್ತೆ, ಒಬ್ಬ ಸಣ್ಣ ಮಗಳು. ನಾನು ಲಿಂಗಸುಗೂರಿನವಳು, ನನ್ನ ಅಬ್ಬಾ ಅಲ್ಲಿನ ಬಸ್ ಡಿಪೋದಲ್ಲಿ ಕಂಡಕ್ಟರ್. ಸಿಂಧನೂರಿನಲ್ಲಿ ರೂಮು ಹಿಡಿದು ಒಬ್ಬಳೇ ಇದ್ದೆ. ನರ್ಸಿಂಗ್ ಓದುವಾಗಿನಿಂದ ನನಗೆ ಓಟದ ಹುಚ್ಚು. ರಜೆಗೆ ಊರಿಗೆ ಹೋದರೆ ಅಮ್ಮಿ ದಖನಿಯಲ್ಲಿ ಬೈಯುತ್ತಿದ್ದಳು, “ಇತ್ತಾ ಕಾಯ್ಕು ಭಾಗ್ತಿ ಗೇ?” ಇಷ್ಟು ಯಾಕೆ ಓಡುತ್ತಿ ಎಂದು ಅವಳು ಕೇಳುವಷ್ಟರಲ್ಲಿ ನಾನು ಬಾಗಿಲು ದಾಟಿರುತ್ತಿದ್ದೆ. ಒಂದು ದಿನ ಡ್ಯೂಟಿ ಮುಗಿಸಿ ಬೂಟಿನ ದಾರ ಕಟ್ಟುತ್ತಿದ್ದಾಗ ಅಕ್ಕ ಬಂದು ನಿಂತಳು.

“ಎಲ್ಲಿಗಿ ಓಡ್ತಿ ನೀ ದಿನಾ?”

“ಕಾಲುವಿ ದಂಡಿಗುಂಟ್ರೀ, ಬಳಗಾನೂರು ಕಡಿಗೆ.”

“ನಾಳಿಂದ ನಾನೂ ಬರ್ತೀನಿ. ನಾ ಸಾಲ್ಯಾಗ ಜಿಲ್ಲಾಕ್ಕ ಓಡಿದಾಕಿ. ಲಗ್ನ ಆಗಿ ಎಲ್ಲಾ ಮರ್ತೀನಿ.”

ಹಾಗೆ ಶುರುವಾಯಿತು. ಮೊದಮೊದಲು ನಾನು ಮಾತಿಗೊಂದು ‘ರೀ’ ಹಚ್ಚುತ್ತಿದ್ದೆ. ಓಡುವಾಗ ಉಸಿರು ಸಾಲದೆ ‘ರೀ’ ತಾನಾಗಿಯೇ ಉದುರಿಹೋಯಿತು. ಬೆಳಗಿನ ಡ್ಯೂಟಿ ಇದ್ದರೆ ಸಂಜೆ, ರಾತ್ರಿ ಡ್ಯೂಟಿ ಇದ್ದರೆ ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಲೇ ಓಡುತ್ತಿದ್ದೆವು. ಎರಡೂ ಕಡೆ ನಾಟಿ ಮಾಡಿದ ಗದ್ದೆ, ಕೆಸರಿನ ವಾಸನೆ, ಟ್ರ್ಯಾಕ್ಟರ್ ಮೇಲಿನಿಂದ ನಮ್ಮನ್ನು ನೋಡಿ ಹಾರ್ನ್ ಹೊಡೆಯುವ ಹುಡುಗರು. ಅಕ್ಕ ಅವರಿಗೆ ಕೈ ಬೀಸಿ, “ಇಳ್ದು ಬಾ, ನನ್ನ ಜೋಡಿ ಓಡಿ ತೋರ್ಸು” ಎನ್ನುತ್ತಿದ್ದಳು. ಯಾರೂ ಇಳಿಯುತ್ತಿರಲಿಲ್ಲ.

ಇಬ್ಬರಿಗೂ ಒಂದೇ ದಿನ ವಾರದ ರಜೆ ಸಿಗುವಂತೆ ಅಕ್ಕ ಹೇಗೋ ಡ್ಯೂಟಿ ಹೊಂದಿಸುತ್ತಿದ್ದಳು. ಆ ದಿನ ಬಸ್ಸು ಹಿಡಿದು ಮಸ್ಕಿಗೆ ಬಂದು ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವುದು, ಇಳಿದು ಮತ್ತೆ ಹತ್ತುವುದು. ಸಂತೆಕಲ್ಲೂರಿನ ಕಡೆ ಜೋಳದ ಹೊಲಗಳ ನಡುವೆ ಗಂಟೆಗಟ್ಟಲೆ ನಡೆಯುವುದು. ಒಮ್ಮೆ ಹೊಲದವರು ಕರೆದು ಬಿಸಿ ಬಿಸಿ ಸೀತನಿ ಕೊಟ್ಟರು. ಸುಟ್ಟ ಎಳೆ ಜೋಳವನ್ನು ಅಂಗೈಯಲ್ಲಿ ಉಜ್ಜಿ ತಿನ್ನುತ್ತ ಅಕ್ಕ ಇದ್ದಕ್ಕಿದ್ದಂತೆ ಅತ್ತಳು. ಮನೆಯಲ್ಲಿ ಇವಳ ಓಟವೆಂದರೆ ಬೆಂಕಿ. ಅತ್ತೆ ಓಣಿಯವರ ಎದುರಿಗೇ ಆಡಿಕೊಳ್ಳುತ್ತಿದ್ದಳಂತೆ. “ಇಡೀ ದಿನದಾಗ ಓಡೂದೊಂದ ನಂದು ಬೇ” ಎಂದಳು. ಅಂದಿನಿಂದ ಅವಳು ನನಗೆ ನಿಜವಾದ ಅಕ್ಕನೇ ಆದಳು.

ಗಂಗಾವತಿಯ ಆಚೆ, ಬಂಡೆಗುಡ್ಡಗಳ ನಡುವೆ ಐವತ್ತು ಕಿಲೋಮೀಟರಿನ ಓಟವೊಂದಿದೆಯೆಂದು ತಿಳಿದಾಗ ಇಬ್ಬರೂ ಹೆಸರು ಕೊಟ್ಟೆವು. ಗೊತ್ತುಪಡಿಸಿದ ಹೊತ್ತಿನೊಳಗೆ ಮುಗಿಸಿದವರಿಗಷ್ಟೇ ಪದಕ. ಒಂದು ವರ್ಷ ತಯಾರಿ ಮಾಡಿದೆವು. ಜೋಡಿಯಾಗಿ ಓಡುವುದು, ಜೋಡಿಯಾಗಿಯೇ ಮುಗಿಸುವುದು ಎಂದು ಮಾತಾಗಿತ್ತು.

ಓಟದ ದಿನ ಬಿಸಿಲು ಬೇಗ ಏರಿತು. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಒಂದು ಬಂಡೆಯ ಸಂದಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು, ವಾಂತಿಯಾಗಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಅಕ್ಕ ನಿಂತೇ ಇದ್ದಳು. ಒಮ್ಮೆ ಹುಡುಗಿಯ ಕಡೆ, ಒಮ್ಮೆ ಮುಂದಿನ ದಾರಿಯ ಕಡೆ ನೋಡಿದಳು.

“ನೀ ಇಲ್ಲೇ ಇರು. ಮುಂದ ನೀರಿನ ಟೇಬಲ್ ಐತಲ್ಲ, ಅಲ್ಲಿ ಹೇಳಿ ಮಂದಿನ ಕಳಸ್ತೀನಿ. ಅಲ್ಲೇ ನಿನಗ ಕಾಯ್ತೀನಿ.”

ಹೋದಳು. ನಾನು ಆ ಹುಡುಗಿಯನ್ನು ನೆರಳಿಗೆ ಎಳೆದೆ. ನನ್ನ ದುಪಟ್ಟಾ ನೆನೆಸಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆ. ಎದೆಗೆ ಚುಚ್ಚಿದ್ದ ನಂಬರಿನ ಬಿಬ್ ಹಾಳೆ ಕಿತ್ತು ಅದರಿಂದಲೇ ಗಾಳಿ ಹಾಕಿದೆ. ಸ್ವಲ್ಪ ಎಚ್ಚರವಾಗಿ ಕಣ್ಣು ನೆಟ್ಟಗೆ ನೋಡತೊಡಗಿದ ಮೇಲೆ ಕಿತ್ತಳೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅವಳು ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು “ಮಮ್ಮೀ” ಎನ್ನುತ್ತಿದ್ದಳು. ಬಹಳ ಹೊತ್ತಿನ ಮೇಲೆ ಸ್ಟ್ರೆಚರ್ ಬಂತು. ತಂದವರನ್ನು ಕೇಳಿದೆ, “ನಮ್ಮ ಅಕ್ಕ ಹೇಳಿದ್ಲೇನ್ರಿ?” ಇಲ್ಲ, ಹಿಂದಿನಿಂದ ಬಂದ ಓಟಗಾರನೊಬ್ಬ ನಮ್ಮಿಬ್ಬರನ್ನು ನೋಡಿ ಮುಂದೆ ಹೋಗಿ ಹೇಳಿದನಂತೆ. ನೀರಿನ ಟೇಬಲಿನ ಹತ್ತಿರ ಅಕ್ಕ ಇರಲಿಲ್ಲ. ನನ್ನ ಹೊತ್ತು ಮೀರಿತ್ತು; ಜೀಪಿನಲ್ಲಿ ಕೂರಿಸಿ ಕರೆತಂದರು. ಅಕ್ಕ ಪದಕ ಹಾಕಿಕೊಂಡು ನಗುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. “ಗಾಬ್ರ್ಯಾಗ ಹೇಳೂದು ಮರ್ತೆ ಬೇ. ಏನೇನು ಮಾಡ್ದಿ, ಎಲ್ಲಾ ಹೇಳು” ಎಂದಳು. ದುಪಟ್ಟಾ, ಬಿಬ್ಬಿನ ಗಾಳಿ, ಹೆಬ್ಬೆರಳು… ಎಲ್ಲವನ್ನೂ ಹೇಳಿದೆ. ಅವಳಿಗೆ ಆ ಪದಕ ನನಗಿಂತ ಹೆಚ್ಚು ಬೇಕಿತ್ತೇನೋ ಎಂದು ಸಮಾಧಾನ ಮಾಡಿಕೊಂಡೆ.

ಕೆಲವು ದಿನಗಳಾದ ಮೇಲೆ ಆ ಹುಡುಗಿಯ ತಂದೆ, ಸ್ಟ್ರೆಚರಿನವರಿಂದ ಸಿಂಧನೂರಿನ ನರ್ಸ್ ಎಂದಷ್ಟೇ ತಿಳಿದು, ಮಗಳನ್ನು ಉಳಿಸಿದವಳು ಯಾರೆಂದು ಓಟ ನಡೆಸಿದವರನ್ನು ವಿಚಾರಿಸಿದರು. ಅವರ ಬಳಿ ಪದಕದವರ ಫೋಟೊ ಮಾತ್ರ ಇತ್ತು. ಅದರಲ್ಲಿ ಸಿಂಧನೂರಿನವಳು ಒಬ್ಬಳೇ. ಉಳಿಸಿದವಳು ಇವಳೇ ಎಂದು ಬರೆದು ಅದನ್ನೇ ನಮ್ಮ ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಎಲ್ಲರನ್ನೂ ಸೇರಿಸಿ ಅಕ್ಕನಿಗೆ ಶಾಲು ಹೊದಿಸಿದರು, ಚಪ್ಪಾಳೆ ಹೊಡೆಸಿದರು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅಕ್ಕ ತಲೆ ತಗ್ಗಿಸಿ ಕೈ ಮುಗಿದಳು.

ಮರುದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಗದ್ದ ಹಿಡಿದು ಬೇಡಿಕೊಂಡಳು. “ಅತ್ತಿ ಶಾಲು ನೋಡಿ ಓಣಿಗೆಲ್ಲಾ ತೋರ್ಸಾಕತ್ತಾಳ. ಓಡಾಕ ಹೋಗು ಅಂತ ತಾನಾ ಅಂದಾಳ, ಮೊದಲನೇ ಸಲ. ಈಗ ಹೇಳಬ್ಯಾಡ ಬೇ. ನಿಂದೇನು, ನೀ ಸಣ್ಣಾಕಿ, ಇನ್ನೂ ಎಷ್ಟೋ ಓಟ ಓಡ್ತಿ.”

ನಾನು ಒಪ್ಪಿಕೊಂಡೆ. ಅಲ್ಲಿಗೇ ನಿಂತಿದ್ದರೆ ಎಲ್ಲವನ್ನೂ ಮರೆತೂ ಬಿಡುತ್ತಿದ್ದೆ.

ಬೇಸಿಗೆ ಬಂತು. ನರ್ಸಿಂಗ್ ಕಾಲೇಜಿನ ಹುಡುಗಿಯರು ತರಬೇತಿಗೆ ಬಂದಿದ್ದರು. ಬಿಸಿಲು ಬಡಿದವರಿಗೆ ಏನು ಮಾಡಬೇಕೆಂದು ಪಾಠ ಹೇಳಲು ಅಕ್ಕನನ್ನು ಕರೆದಿದ್ದರು. ನಾನು ಹಿಂದಿನ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಹೇಳಿದಳು: ನೆನೆಸಿದ ದುಪಟ್ಟಾ, ಬಿಬ್ಬಿನ ಗಾಳಿ, ಹೆಬ್ಬೆರಳು ಹಿಡಿದು “ಮಮ್ಮೀ” ಎಂದದ್ದು. ನಾನು ಬಸ್ಸಿನಲ್ಲಿ ಹೇಳಿದ ಮಾತುಗಳೇ. ಒಬ್ಬ ಹುಡುಗಿ ಕೇಳಿದಳು, “ನೀವು ಒಬ್ರೇ ಇದ್ರೇನ್ರಿ ಮೇಡಂ?”

“ನನ್ನ ಜೋಡಿ ಒಬ್ಬಾಕಿ ಇದ್ಲು. ಸಣ್ಣ ಹುಡುಗಿ, ಅಂಜಿಬಿಟ್ಲು. ಅಕ್ಕಾ, ಟೈಮ್ ಆಗ್ತೈತಿ ಅಂತ ಮುಂದ ಓಡಿ ಹೋದ್ಲು. ನಾವು ನರ್ಸ್ ಆದೋರು ಹಂಗ ಮಾಡಬಾರ್ದು.”

ಅಷ್ಟರಲ್ಲಿ ಅವಳ ಕಣ್ಣಿಗೆ ನಾನು ಬಿದ್ದೆ. ನೋಡಿದಳು… ನೋಡಿಯೂ ಮಾತು ಮುಂದುವರಿಸಿದಳು.

ಪಾಠ ಮುಗಿದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಅವಳನ್ನು ತಡೆದೆ. “ಶಾಲು ತಗೊಂಡಿ, ಸುಮ್ಮನಿದ್ದೆ. ನನ್ನ ಯಾಕ ಓಡಿಸ್ದಿ ಅಕ್ಕಾ?”

“ನಿನ್ನ ಹೆಸರು ಎಲ್ಲಿ ಹೇಳೀನಿ ನಾ?”

“ಹೆಸರು ಯಾಕ ಬೇಕು? ಅಲ್ಲಿ ಇದ್ದೋರು ನಾವಿಬ್ಬರ.”

ಅವಳು ಕೈ ಒರೆಸಿಕೊಂಡು ಹೊರಟುಹೋದಳು. ನಾವಿಬ್ಬರೂ ಆ ಓಟಕ್ಕೆ ಹೋದದ್ದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಮಾತು ಹಬ್ಬಲು ತಡವಾಗಲಿಲ್ಲ. ತುರ್ತು ವಿಭಾಗಕ್ಕೆ ಹೋಗಬೇಕೆಂಬುದು ನನ್ನ ಬಹಳ ದಿನದ ಆಸೆ. ಕೇಳಲು ಹೋದರೆ ನರ್ಸುಗಳ ಮೇಲ್ವಿಚಾರಕಿ, “ಅಂಜೋರಿಗೆ ಅಲ್ಲಿ ಕೆಲಸ ಇಲ್ಲಮ್ಮ” ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, “ಇಷ್ಟು ದಿನ ಯಾಕ ಸುಮ್ಮನಿದ್ದಿ ಮತ್ತ?” ಎಂದರು. ಸ್ಟ್ರೆಚರ್ ತಂದವರನ್ನು ಹುಡುಕಿ ಸಾಕ್ಷಿ ಹೇಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಆ ಮಾತು ಅಕ್ಕನ ಬಾಯಿಂದಲೇ ಬರಬೇಕಿತ್ತು ನನಗೆ. ಬರಲಿಲ್ಲ. ಕೆಲಸ ಬಿಟ್ಟು ಮಸ್ಕಿಗೆ ಬಂದೆ.

ಎಷ್ಟೋ ವರ್ಷಗಳ ಮೇಲೆ ಈಚೆಗೆ, ಮಳೆಗಾಲದಲ್ಲಿ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಗಂಡನ ಕೆಲಸ ಬೇರೆ ಊರಿಗೆ ಆಗಿ ಎಲ್ಲರೂ ಅಲ್ಲಿಗೆ ಹೋಗಿದ್ದಾರಂತೆ. ಮೈ ತುಂಬಿಕೊಂಡಿದ್ದಳು, ಮೊಣಕಾಲು ನೋವಿಗೆ ಓಟ ನಿಂತಿತ್ತು. ನನ್ನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡಳು; ಕಣ್ಣಲ್ಲಿ ನೀರಿತ್ತು. ನನ್ನ ಎದೆಯೂ ಹಸಿಯಾಯಿತು, ಸುಳ್ಳೇಕೆ ಹೇಳಲಿ. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಮಗಳು.

“ಇಕಿನಾ ನೋಡು, ನನ್ನ ಜೋಡಿ ಓಡ್ತಿದ್ದಾಕಿ” ಎಂದಳು ಮಗಳಿಗೆ.

ಹುಡುಗಿ ನನ್ನನ್ನೇ ನೋಡಿ ಕೇಳಿದಳು, “ಮುಂದ ಓಡಿ ಹೋದೋರು ನೀವಾ ಏನ್ರಿ ಆಂಟಿ?”

ನಾನು ಅಕ್ಕನ ಮುಖ ನೋಡಿದೆ. ನಾಚಿಕೆಯ ಎಳೆಯೊಂದು ಕಾಣುತ್ತದೇನೋ ಎಂದು ಹುಡುಕಿದೆ. ಅವಳು ಮಗಳನ್ನು ಗದರಿ, ನನ್ನ ಬೆನ್ನು ಸವರಿದಳು. “ಪಾಪ, ಆಗ ಇಕಿ ಸಣ್ಣಾಕಿ. ಗಾಬ್ರಿ ಆಗಿದ್ಲು. ನಾ ಎಂದೂ ಮನಸ್ನ್ಯಾಗ ಇಟ್ಕೊಂಡಿಲ್ಲ ಬೇ.”

ಆ ಕೈಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಆ ಬಂಡೆಯ ನೆರಳಲ್ಲಿ ಕೂತವಳು ತಾನೇ ಎಂದು ಅವಳು ನಂಬಿಬಿಟ್ಟಿದ್ದಳು.

“ಇಲ್ಲವ್ವಾ, ನಾ ಅಲ್ಲೇ ಇದ್ದೆ” ಎಂದೆ ಹುಡುಗಿಗೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಸೀಟಿಗಾಗಿ ನೂಕಾಟ. ಆ ಮಾತು ಯಾರಿಗಾದರೂ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅಕ್ಕ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದಳು.

ಈಗ ನಾನು ಸಂತೆಕಲ್ಲೂರಿನ ದಾರಿಯಲ್ಲಿ ಒಬ್ಬಳೇ ಓಡುತ್ತೇನೆ. ಎಂದಾದರೊಮ್ಮೆ ಅಕ್ಕ ತಪ್ಪಾಯಿತೆಂದು ಹೇಳಿದರೆ, ಅತ್ತು, ಜಗಳವಾಡಿ, ಮತ್ತೆ ಮೊದಲಿನಂತಾಗಬಹುದು ಎಂದು ಇಷ್ಟು ವರ್ಷ ಒಳಗೊಳಗೇ ಕಾದಿದ್ದೆ. ಆ ಬಸ್‌ಸ್ಟ್ಯಾಂಡಿನ ನಂತರ ಅದೂ ಹೋಯಿತು. ಅಂದು ನನ್ನನ್ನು ಬಿಟ್ಟು ಓಡಿದವಳು ಇನ್ನು ಅವಳೊಳಗೂ ಇಲ್ಲ. ಕ್ಷಮಿಸಬೇಕೆಂದರೂ ಯಾರನ್ನು ಕ್ಷಮಿಸಲಿ…