ಕುಣಿ ಬಿಡು

ಬೆಟಗೇರಿಯ ಬಾಬಣ್ಣ ನೇಕಾರರ ಮನೆಯವನು, ಆದರೆ ಅವನ ಕೈ ಪಳಗಿದ್ದು ಎಸಿಪಿ ಶೀಟಿನ ಮೇಲೆ. ಎರಡು ತೆಳು ಅಲ್ಯುಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ ಇಟ್ಟು ಒತ್ತಿದ ಹಲಗೆ ಅದು. ಹಿಂಬದಿಗೆ ಗೀರು ಹೊಡೆದು, ಮುಂದಿನ ತಗಡನ್ನಷ್ಟೇ ಉಳಿಸಿ ಮಡಚಿದರೆ ಮೂಲೆ ಗೆರೆ ಕೊರೆದ ಹಾಗೆ ಬರುತ್ತದೆ. ಒಮ್ಮೆ ಮಡಚಿದ್ದನ್ನು ಮತ್ತೆ ಬಿಚ್ಚುವಂತಿಲ್ಲ, ತಗಡು ಸೀಳುತ್ತದೆ. ಮುಂಡರಗಿಯ ಔಷಧದ ಅಂಗಡಿ, ಶಿರಹಟ್ಟಿಯ ಬಂಗಾರದ ಅಂಗಡಿ, ಎರಡರ ಮುಖವೂ ಅವನೇ ಕಟ್ಟಿದ್ದು. ಹಳೆಯ ಗೋಡೆ ಎಂಥದೇ ಇರಲಿ, ಮೇಲೆ ಎಸಿಪಿ ಬಂತೆಂದರೆ ಮದುವೆಗೆ ಹೊರಟ ಹಾಗೆ ಕಾಣುತ್ತಿತ್ತು.

ತಾಯಿ ಯಮನವ್ವನಿಗೆ ಈ ಕೆಲಸದ ಮೇಲೆ ಅಷ್ಟು ಗೌರವವಿರಲಿಲ್ಲ. "ಗ್ವಾಡಿಗೆ ಸೀರಿ ಉಡಸಾಂವ ನೀ," ಎಂದು ನಗುತ್ತಿದ್ದಳು. ಆಕೆ ನೇಯ್ದದ್ದು ಕುಣಿ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ತುಳಿಮಣೆಗಳನ್ನು ಒತ್ತುತ್ತ ನೇಯುವ ಮಗ್ಗ. ಗಂಡ ತೀರಿಕೊಂಡ ವಾರ ಮಗ್ಗ ನಿಂತಿತು. ಆಮೇಲೆ ಮನೆಗೆ ಟೈಲ್ಸ್ ಹಾಕಿಸುವಾಗ ಕುಣಿಯೂ ಮುಚ್ಚಿತು. ಮಗ್ಗದ ಮೇಲಿದ್ದ ಸೀರೆಯ ಸೆರಗು ನೇಯಲು ಇನ್ನೂ ಮೊಳದಷ್ಟು ಉಳಿದಿತ್ತು. ನೇಯ್ದು ಮುಗಿಯದ ಸೀರೆಯನ್ನು ಅವರ ಮನೆಯಲ್ಲಿ ಯಾರೂ ಕೊಯ್ಯುವುದಿಲ್ಲ. ಉದ್ದಕ್ಕೆ ಬಿಗಿದ ಹಾಸಿನ ನೂಲಿನ ಸಮೇತ ಸುತ್ತಿ, ಮಗ್ಗದ ಕಟ್ಟಿಗೆಗಳ ಜೊತೆ ಅಟ್ಟಕ್ಕೆ ಏರಿಸಿದ್ದರು.

ಊರಲ್ಲಿ ನೇಕಾರಿಕೆಯ ಮ್ಯೂಸಿಯಂ ಆಗುತ್ತದೆಂಬ ಖಬರು ಬಂತು. ಒಳಗಿನ ಗೋಡೆ, ಕಟ್ಟೆ, ಷೋಕೇಸುಗಳ ಗುತ್ತಿಗೆ ಹಿಡಿದ ಲಕ್ಷ್ಮೇಶ್ವರದ ಕುಬೇರಪ್ಪ ಎಸಿಪಿ ಕೆಲಸವನ್ನು ಬಾಬಣ್ಣನಿಗೆ ಒಪ್ಪಿಸಿದ. ಮಗ್ಗ ಬೇಕೆಂದು ಮ್ಯೂಸಿಯಂನ ಅಧಿಕಾರಿಯೊಬ್ಬರು ಮನೆಗೇ ಬಂದರು. ಯಮನವ್ವ ಕೇಳಿದ್ದು ಒಂದೇ. ಅಲ್ಲಿ ಕೂತು ಆ ಮೊಳ ಸೆರಗು ನೇಯ್ದು, ಸೀರೆ ಕೊಯ್ದುಕೊಳ್ಳುತ್ತೇನೆ, ಆಮೇಲೆ ಮಗ್ಗ ನಿಮ್ಮದು. ಅವರು ಸಂತೋಷದಿಂದ ಒಪ್ಪಿ, ಉದ್ಘಾಟನೆಯ ದಿನ ಎಲ್ಲರೆದುರೇ ನೇಯಿರಿ ಎಂದರು. ಅಂದಿನಿಂದ ಆಕೆ ಮೊಣಕಾಲಿಗೆ ದಿನವೂ ಎಣ್ಣೆ ತಿಕ್ಕಿಕೊಳ್ಳತೊಡಗಿದಳು.

ಮ್ಯೂಸಿಯಂನ ನೆಲ ಅಗೆಯುವಂತಿರಲಿಲ್ಲ. ಅದಕ್ಕೆ ಕಬ್ಬಿಣದ ಚೌಕಟ್ಟು ಕಟ್ಟಿ, ಪ್ಲೈವುಡ್ ಹಾಸಿ, ಮೇಲೆ ಎಸಿಪಿ ಹೊದಿಸಿ, ಆ ಎತ್ತರದ ಕಟ್ಟೆಯ ಮೇಲೆ ಮಗ್ಗ ನಿಲ್ಲಿಸುವುದೆಂದಾಗಿತ್ತು. ಶೀಟು ಕೊಯ್ಯುವ ಮೊದಲು ಬಾಬಣ್ಣ ಕುಬೇರಪ್ಪನಿಗೆ ಫೋನು ಹಚ್ಚಿ, ಮಗ್ಗದ ಕುಣಿಗೆ ಏನು ಮಾಡುವುದೆಂದು ಕೇಳಿದ. ಆ ಕಡೆ ಬಸ್ ಸ್ಟ್ಯಾಂಡಿನ ಗದ್ದಲ. "ಕುಣಿ ಬಿಡು," ಅಂದ ಕುಬೇರಪ್ಪ.

ಬಾಬಣ್ಣ ಬಿಟ್ಟ. ಕಟ್ಟೆಯ ನಡುವೆ ತಾಯಿಯ ಕಾಲಳತೆಗೆ ಚೌಕ ಕೊಯ್ದ. ಅಂಚುಗಳನ್ನು ಒಳಕ್ಕೆ ಮಡಚಿ, ಒಳಬದಿಗೂ ಶೀಟು ಹಚ್ಚಿ, ಕಾಲಿಗೆ ತಾಗದಂತೆ ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ. ನೇಕಾರರ ಮನೆಯಲ್ಲಿ ಕುಣಿ ಬಿಡು ಎಂದರೆ ಕುಣಿಗೆ ಜಾಗ ಬಿಡು ಎಂದೇ. ಬೇರೆ ಅರ್ಥ ಅವನಿಗೆ ಹೊಳೆಯಲೇ ಇಲ್ಲ.

ಉದ್ಘಾಟನೆ ಹತ್ತಿರ ಬಂದಾಗ ಕುಬೇರಪ್ಪ ಕೆಲಸ ನೋಡಲು ಬಂದ. ಕಟ್ಟೆಯ ಸುತ್ತ ನಡೆದು, ಬಗ್ಗಿ ಒಳಗೆ ಇಣುಕಿದ.

"ಬಾಬಣ್ಣಾ, ಮ್ಯೂಜಿಯಂ ಕಟ್ಟಾಕತ್ತೀಯೋ, ಬಾವಿ ತೋಡಾಕತ್ತೀಯೋ?"

"ನೀವ ಅಂದ್ರಲ್ಲರಿ, ಕುಣಿ ಬಿಡು ಅಂತ."

"ಕುಣಿ ಮಾತು ಬಿಡು ಅಂದ್ನೆಪಾ. ಅದರ ಗೊಡವಿ ಬ್ಯಾಡ ಅಂದೆ."

ಕುಬೇರಪ್ಪ ಕೆಟ್ಟವನಲ್ಲ, ನಿಂತು ತಿಳಿಸಿ ಹೇಳಿದ. ಶಾಲೆಯ ಮಕ್ಕಳು ಬರುತ್ತಾರೆ, ಒಂದು ಕೂಸು ಬಿದ್ದರೆ ಯಾರು ಹೊಣೆ? ಅದೂ ಅಲ್ಲದೆ ಮಗ್ಗದ ಸುತ್ತ ಗಾಜು ಹಾಕಿಸಲು ಮೇಲಿನವರು ತೀರ್ಮಾನಿಸಿದ್ದಾರೆ. ಸೀರೆ ಅರ್ಧ ನೇಯ್ದ ಹಾಗೇ ಇದ್ದರೆ ನೋಡುವವರಿಗೆ ನೇಯ್ಗೆ ತಿಳಿಯುತ್ತದಂತೆ. ಅಧಿಕಾರಿ ತಾಯಿಗೆ ಕೊಟ್ಟಿದ್ದ ಮಾತನ್ನು ಬಾಬಣ್ಣ ನೆನಪಿಸಿದ. ಮಾತು ಕೊಟ್ಟ ಅಧಿಕಾರಿಗೆ ವರ್ಗವಾಗಿತ್ತು. ಹಾಗಾದರೆ ನಾಳೆ ಆಕೆಯನ್ನು ಕರೆತರುತ್ತೇನೆ, ನೇಯ್ದು ಮುಗಿಸಲಿ, ಆಮೇಲೆ ಮುಚ್ಚುತ್ತೇನೆ ಎಂದು ಅಂಗಲಾಚಿದ. ಮುಗಿದರೆ ತೋರಿಸಲು ಏನು ಉಳಿಯಿತು ಎಂದ ಕುಬೇರಪ್ಪ, ಅವನ ಮುಖ ನೋಡದೆ. ಗಾಜಿನವರು ಹುಬ್ಬಳ್ಳಿ ಬಿಟ್ಟಾಗಿತ್ತು.

ಕೊಯ್ದ ಶೀಟು ಕೂಡುವುದಿಲ್ಲ. ಬಾಬಣ್ಣ ಕುಣಿಯ ಮೇಲೆ ಪ್ಲೈವುಡ್ ಬಡಿದು, ಹೊಸ ಶೀಟು ಹೊದಿಸಿ, ಅಂಚಿಗೆ ಸಿಲಿಕಾನ್ ತುಂಬಿ ಬೆರಳಿನಿಂದ ನೀವಿದ. ಗೆರೆ ನೇರ ಬಂದಿತ್ತು. ಇಳಿಬಿಡಲು ಜಾಗವಿಲ್ಲದ ತುಳಿಮಣೆಗಳನ್ನು ಮಗ್ಗದ ಪಕ್ಕಕ್ಕೆ ಜೋಡಿಸಿಟ್ಟರು. ಮನೆಗೆ ಹೋದ ಕೂಡಲೇ ತಾಯಿಗೆ ಹೇಳಬೇಕೆಂದುಕೊಂಡಿದ್ದ. ಆಕೆ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದಳು. ಉಂಡು ಮಲಗಿದ.

ಉದ್ಘಾಟನೆಯ ದಿನ ಯಮನವ್ವ ಒಳ್ಳೆಯ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಂದಳು. ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತು ಮಗ್ಗದ ಕೆಳಗೆ ಹುಡುಕಿದಳು.

"ಕುಣಿ ಎಲ್ಲೋ ಬಾಬೂ?"

"ಮುಚ್ಚೇತಿ ಯವ್ವಾ."

"ಯಾರು ಮುಚ್ಚಿದ್ರು?"

"ನಾನ."

ಅಷ್ಟರಲ್ಲಿ ಜನ ಸೇರಿದರು. ಫೋಟೋ ತೆಗೆಯುವವನೊಬ್ಬ, ಅಜ್ಜಿ, ಸ್ವಲ್ಪ ಸರೀರಿ ಎಂದ. ಆಕೆ ಸರಿದಳು. ಸೆರಗನ್ನು ಇನ್ನು ಯಾರು ಮುಗಿಸುತ್ತಾರೆಂದು ಕೇಳಿದಳು. ಯಾರೂ ಇಲ್ಲ, ಅದು ಹೀಗೇ ಇರುತ್ತದೆ ಎಂದು ಬಾಬಣ್ಣ ನೆಲ ನೋಡುತ್ತ ಹೇಳಿದ. ಆಕೆ ಬಯ್ಯಲಿಲ್ಲ. ಬೆರಳು ಚಾಚಿ ಸೀರೆಯನ್ನು ತೋರಿಸಿದಳು.

"ಇದಕ್ಕ ಧೂಳಾ ಯಾರು ಹೊಡಿತಾರ?"

"ಆಳು ಇರ್ತಾರಬೇ."

"ನೂಲು ಜಗ್ಗಬ್ಯಾಡ್ರಿ ಅಂತ ಹೇಳು ಅವರಿಗೆ. ಹಳೇದೈತಿ, ಹರಿತೈತಿ."

ಹೇಳುತ್ತೇನೆ ಎಂದ ಬಾಬಣ್ಣ. ಯಾರಿಗೆ ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆಕೆಯ ಕೈ ಹಿಡಿದು ಮೆಲ್ಲಗೆ ಮೆಟ್ಟಿಲು ಇಳಿಸಿದ.