ಕಾಯಿಸದ ಹಲಗೆ

ಈಶ್ವರನ ಪೆಟ್ಟಿಗೆಗಳನ್ನು ಹೇರಿಕೊಂಡ ಟೆಂಪೋ ಸಯನ್ನಿನ ಗಲ್ಲಿಯಲ್ಲಿ ಮನೆ ಮುಂದೆ ಹಾದುಹೋದರೆ ಸಾಕು, ಬಡಿಗ ಅಣವೀರಪ್ಪನ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು. ಅವನ ಕೈಕೆಳಗೇ ಮೊಳೆ ಹೊಡೆಯಲು ಕಲಿತವನು ಈಶ್ವರ! ಈಗ ಫೋರ್ಟ್ ಪೇಟೆಯ ಪಂಪ್ ಕಂಪನಿ ವಿದೇಶಕ್ಕೆ ಕಳಿಸುವ ಮಾಲಿಗೆಲ್ಲ ಅವನದೇ ಪೆಟ್ಟಿಗೆ, ಪೆಟ್ಟಿಗೆಯ ಮೈಮೇಲೆ ಗೋಧಿ ತೆನೆಯ ಮುದ್ರೆ.

ಮೊದಲು ಆ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಅಣವೀರಪ್ಪನ ಅನ್ನ ಕಿತ್ತುಕೊಂಡಿದ್ದು ಆ ಮುದ್ರೆಯೇ. ಕಟ್ಟಿಗೆಯೊಳಗಿನ ಹುಳ ಒಂದು ದೇಶದಿಂದ ಇನ್ನೊಂದು ದೇಶದ ಕಾಡಿಗೆ ಹೋಗಬಾರದೆಂದು ಜಗತ್ತಿನ ದೇಶಗಳು ಕೂಡಿ ನಿಯಮ ಮಾಡಿಕೊಂಡಿವೆ. ಹುಳ ಸಾಯುವಂತೆ ಹಲಗೆಯನ್ನು ತಿರುಳಿನವರೆಗೂ ಕಾಯಿಸಬೇಕು, ಮುದ್ರೆ ಒತ್ತಬೇಕು. ಇಲ್ಲವಾದರೆ ಆಚೆ ಬಂದರಿನವರು ಮಾಲನ್ನು ಒಳಗೆ ಬಿಡುವುದಿಲ್ಲ. ಈಶ್ವರ ಕುರ್ಲಾದಲ್ಲಿ ಹಲಗೆ ಕಾಯಿಸುವ ಭಟ್ಟಿ ಕಟ್ಟಿಸಿ ಸರ್ಕಾರದ ಪರವಾನಗಿ ತಂದ; ಮುದ್ರೆಯೊಳಗೆ ಆ ಪರವಾನಗಿಯ ನಂಬರು. "ನನ್ನ ಕಟ್ಟಿಗಿ ಸುದ್ದಿಗೆ ಬರಾಕ ಅವರ್ಯಾರ?" ಎಂದು ಅಣವೀರಪ್ಪ ಮೀಸೆ ತಿರುವುತ್ತ ಕುಳಿತ.

ಕೆಲಸ ನಿಂತೇಹೋದಾಗ ಹೆಂಡತಿ ನೀಲಾಬಾಯಿ ತಾನೇ ಹೋಗಿ ಈಶ್ವರನನ್ನು ಕೇಳಿದಳು. ಅವನು ಒಪ್ಪಿದ. "ಕಾಯಿಸಿದ ಹಲಗಿ ನಾ ಕೊಡ್ತೀನಿ, ಕಾಕಾ ಪೆಟಗಿ ಮಾಡ್ಲಿ. ನಾ ಬಂದು ನೋಡಿ ಮುದ್ರಿ ಒತ್ತತೀನಿ. ಇದೊಂದು ಚಲೋ ಆದ್ರ ಕಂಪನಿ ಕೆಲಸ ಅರ್ಧ ಕಾಕಾಗ."

ಅಣವೀರಪ್ಪ ಹಲ್ಲು ಕಚ್ಚಿಕೊಂಡು ಪೆಟ್ಟಿಗೆ ಮಾಡಿದ. ಆದರೆ ಅದು ಪೂರಾ ಈಶ್ವರನ ಹಲಗೆಯದೇ ಆಗುವುದನ್ನು ಅವನ ಜೀವ ತಡೆಯಲಿಲ್ಲ. ಹಳೇ ಚಾಳಿನ ವಠಾರ ಕೆಡವಿದಾಗ ತಂದಿಟ್ಟ ಬರ್ಮಾ ಸಾಗವಾನಿಯ ಹಲಗೆಯೊಂದನ್ನು ತಳಕ್ಕೆ ಸೇರಿಸಿ ಮೊಳೆ ಜಡಿದ. ನೋಡಲಿ ಮಗ, ಕಟ್ಟಿಗೆ ಎಂದರೆ ಏನೆಂದು!

ಮುಂಜಾನೆ ಈಶ್ವರ ಬಂದು ಪೆಟ್ಟಿಗೆ ಮಗುಚಿ ನೋಡಿದ. ಟೆಂಪೋ ಬಾಗಿಲಲ್ಲೇ ನಿಂತಿತ್ತು.

"ಕಾಕಾ, ಈ ಹಲಗಿ ನಂದಲ್ಲ."

"ನಿನ್ನದಕ್ಕಿಂತ ಹತ್ತ ಪಟ್ಟು ಚಲೋ ಐತಿ."

"ಖರೇ ಐತಿ. ಆದ್ರ ಕಾಯಿಸಿಲ್ಲ. ನಾ ಮುದ್ರಿ ಒತ್ತೂದಿಲ್ಲ."

"ಭಾಳ ದೊಡ್ಡ ಸಾಹೇಬ ಆಗೀಯಲೇ! ಪೆಟಗಿ ಮಾಡಿದಂವ ನಾ, ಮುದ್ರಿಯೊಳಗ ನಂಬರ ನಿಂದು!"

"ಹುಳ ಸಿಕ್ರ ಪರವಾನಗಿ ಹೋಗೂದೂ ನಂದೇ, ಕಾಕಾ."

ನೀಲಾಬಾಯಿ ಒಳಗಿನಿಂದ ಮೊಳೆ ಕೀಳುವ ಸಲಾಕೆ ತಂದು ಗಂಡನ ಕಾಲ ಬಳಿ ಒಗೆದಳು. "ನಿಮ್ಮ ಹೊಟ್ಟಿಕಿಚ್ಚಿಗೆ ಹಲಗಿ ಕಾಯೂದಿಲ್ಲ. ಕೀಳ್ರಿ ಅದನ್ನ!"

ಟೆಂಪೋ ಖಾಲಿ ಹೋದರೆ ಕಂಪನಿಯವರು ಮತ್ತೆ ಇತ್ತ ಹಾಯುವುದಿಲ್ಲ. ಅದು ಅಣವೀರಪ್ಪನಿಗೂ ಗೊತ್ತಿತ್ತು. ಬಾಗಿ ಸಲಾಕೆ ಎತ್ತಿಕೊಂಡ.

"ಆ ಭಟ್ಟಿ ಕಟ್ಟಿದಂವ ಯಾರಲೇ?"

"ಯಾಕ ಕಾಕಾ?"

"ನಿನ್ನದಕ್ಕಿಂತ ದೊಡ್ಡದು ಕಟ್ಟಸ್ತೀನಿ."

ಈಶ್ವರ ನಗುತ್ತ ಟೆಂಪೋದಿಂದ ಕಾಯಿಸಿದ ಹಲಗೆಯೊಂದನ್ನು ಇಳಿಸಿದ. ಅಣವೀರಪ್ಪ ಅವನ ಹಲ್ಲನ್ನೇ ಕೀಳುವವನಂತೆ ಸಾಗವಾನಿಯ ಸಂದಿಗೆ ಸಲಾಕೆ ಹಾಕಿ ಮೀಟಿದ.